ಆಮೆಯ ಬೆನ್ನ ಮೇಲಿನ ಹೊಸ ಅಂಚು

ಆಮೆ ಸಾಕಿದವರು ಅದರ ಬೆಳವಣಿಗೆಯ ಮಾತೆತ್ತಿದರೆ ಎರಡೇ ಸಂಗತಿ ಹೇಳುತ್ತಾರೆ: ಎಷ್ಟು ದೊಡ್ಡದಾಯಿತು, ಚಿಪ್ಪು ಎಷ್ಟು ಮಿಂಚುತ್ತದೆ. "ನೋಡ್ರಿ, ತಂದಾಗ ಬೆರಳಷ್ಟು ಇತ್ತು, ಈಗ ಅಂಗೈ ತುಂಬೈತಿ" ಎನ್ನುವಾಗ ಅವರ ಮುಖದಲ್ಲಿ ಕಾಣುವ ಸಂತೋಷ ನಿಜವಾದದ್ದು. ದಾವಣಗೆರೆಯ ನಮ್ಮ ಮನೆಗೆ ಡಬ್ಬಿಯಲ್ಲಿಟ್ಟುಕೊಂಡು ಆಮೆ ತೋರಿಸಲು ಬರುವ ಹುಡುಗರೂ, ಹರಿಹರದ ನೆಂಟರೂ ಇದನ್ನೇ ಹೇಳುತ್ತಾರೆ. ನಾನು ಮಾತ್ರ ಗಾತ್ರವನ್ನೂ ಹೊಳಪನ್ನೂ ಕೊನೆಗೆ ನೋಡುತ್ತೇನೆ. ಮೊದಲು ನೋಡುವುದು ಚಿಪ್ಪಿನ ಎರಡು ಬಿಲ್ಲೆಗಳು ಕೂಡುವ ಸಂದನ್ನು. ಆಮೆಯ ಇವತ್ತಿನ ಸ್ಥಿತಿ ಗೊತ್ತಾಗುವುದು ಅಲ್ಲಿಯೇ. ಬೆನ್ನಿನ ಉಳಿದ ಭಾಗವೆಲ್ಲ ಹಿಂದಿನ ತಿಂಗಳುಗಳ, ಹಿಂದಿನ ವರ್ಷಗಳ ಕಥೆ.

ಇದು ಅರ್ಥವಾಗಬೇಕಾದರೆ ಚಿಪ್ಪು ಹೇಗೆ ಬೆಳೆಯುತ್ತದೆಂದು ತಿಳಿದಿರಬೇಕು. ಹೆಚ್ಚಿನ ಆಮೆಗಳ ಬೆನ್ನ ಮೇಲೆ 13 ದೊಡ್ಡ ಬಿಲ್ಲೆಗಳಿರುತ್ತವೆ. ನಡುಸಾಲಿನಲ್ಲಿ 5, ಅದರ ಎರಡೂ ಬದಿಗೆ ನಾಲ್ಕು ನಾಲ್ಕು. ಸುತ್ತಲ ಅಂಚಿಗೆ ಸಣ್ಣ ಬಿಲ್ಲೆಗಳ ಸಾಲು ಬೇರೆ. ನಮ್ಮ ಉಗುರಿನಲ್ಲಿರುವ ಕೆರಾಟಿನ್ನೇ ಈ ಬಿಲ್ಲೆಯಲ್ಲೂ ಇರುವುದು. ಅದರ ಅಡಿಯಲ್ಲಿ ಜೀವಂತ ಮೂಳೆಯಿದೆ; ಪಕ್ಕೆಲುಬೂ ಬೆನ್ನೆಲುಬೂ ಆ ಮೂಳೆಗೇ ಬೆಸೆದುಕೊಂಡಿವೆ. ಅಲ್ಲಿ ರಕ್ತ ಓಡುತ್ತದೆ, ನರಗಳಿವೆ, ಬೆನ್ನು ಸವರಿದರೂ ಆಮೆಗೆ ಗೊತ್ತಾಗುತ್ತದೆ. ಚಿಪ್ಪನ್ನು ಮನೆಯೆಂದು ತಿಳಿದು ಅದಕ್ಕೆ ಬಣ್ಣ ಬಳಿಯುವವರಿಗೆ, ತೂತು ಕೊರೆದು ದಾರ ಕಟ್ಟುವವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಪ್ರತಿ ಬಿಲ್ಲೆಯೂ ತನ್ನ ಅಂಚಿನಲ್ಲಿ ಹಿಗ್ಗುತ್ತದೆ. ನೆಲದಾಮೆಯ ಬಿಲ್ಲೆಯ ನಡುವೆ ಒರಟಾದ ಒಂದು ಚಿಕ್ಕ ಭಾಗ ಕಾಣುತ್ತದೆ. ಅದು ಮೊಟ್ಟೆಯಿಂದ ಹೊರಬಂದಾಗ ಇದ್ದ ಬಿಲ್ಲೆ. ಅದರ ಸುತ್ತ ಬಂದ ಉಂಗುರಗಳೆಲ್ಲ ಆಮೇಲಿನ ಬೆಳವಣಿಗೆ. ಉಂಗುರ ಎಣಿಸಿ ವಯಸ್ಸು ಹೇಳುವವರು ನಮ್ಮ ಕಡೆ ಬಹಳ ಮಂದಿ. ಆ ಲೆಕ್ಕವನ್ನು ನೆಚ್ಚುವಂತಿಲ್ಲ. ಮೇವು ಹೇರಳವಾಗಿ ಸಿಕ್ಕ ವರ್ಷ ಎರಡು ಮೂರು ಉಂಗುರ ಬರಬಹುದು, ಬರದ ವರ್ಷ ಒಂದೂ ಕಾಣದಿರಬಹುದು. ಬೆಳೆಯುತ್ತಿರುವ ಆಮೆಯಲ್ಲಿ ಬಿಲ್ಲೆ ಬಿಲ್ಲೆಯ ನಡುವೆ ತಿಳಿಬಣ್ಣದ ತೆಳುಗೆರೆಯೊಂದು ಮೂಡಿರುತ್ತದೆ. ಆ ಗೆರೆ ತೆಳ್ಳಗಿದ್ದು, ಎಲ್ಲ ಸಂದುಗಳಲ್ಲೂ ಒಂದೇ ಅಗಲಕ್ಕಿದ್ದು, ಪಕ್ಕದ ಬಿಲ್ಲೆಯ ಮಟ್ಟಕ್ಕೇ ಚಪ್ಪಟೆಯಾಗಿ ಕೂತಿದ್ದರೆ ನನಗೆ ಸಮಾಧಾನ. ಗೆರೆ ಅಗಲವಾಗಿ ಬಾಯಿಬಿಟ್ಟಂತಿದ್ದರೆ ಆಮೆ ಮಿತಿಮೀರಿ ತಿಂದು ವೇಗವಾಗಿ ಊದುತ್ತಿರಬಹುದು. ಹಾಗಿದ್ದಾಗ ಹಿಂಗಾಲ ಬುಡದಲ್ಲಿ ಕೊಬ್ಬೂ ಉಬ್ಬಿರುತ್ತದೆ, ಕಾಲು ಒಳಗೆಳೆದುಕೊಳ್ಳಲು ಆಮೆ ಕಷ್ಟಪಡುತ್ತದೆ. ಮನೆಯವರು ಸಂತೋಷದಿಂದ ತೋರಿಸುವ ದೊಡ್ಡ ಗಾತ್ರ ಎಷ್ಟೋ ಸಲ ಇದೇ.

ನಮ್ಮ ಮನೆಯಲ್ಲಿರುವುದು ಕೆಂಪು ಕಿವಿಯ ಆಮೆ. ಅಕ್ವೇರಿಯಂ ಅಂಗಡಿಗಳಲ್ಲಿ ಮೀನಿನ ಜೊತೆ ಮಾರುವ ಹಸಿರು ಮರಿ, ಅಮೆರಿಕ ಮೂಲದ ರೆಡ್ ಇಯರ್ಡ್ ಸ್ಲೈಡರ್. ಊರು ಬಿಟ್ಟು ಹೋಗುತ್ತಿದ್ದ ಪರಿಚಯದವರು ನಮಗೆ ಕೊಟ್ಟುಹೋದಾಗ ಅದು ಪ್ಲಾಸ್ಟಿಕ್ ತೆಂಗಿನಮರವಿದ್ದ ಒಂದು ಪುಟ್ಟ ಡಬ್ಬಿಯಲ್ಲಿತ್ತು. ಕೈಗೆತ್ತಿಕೊಂಡರೆ ಚಿಪ್ಪಿನ ಹಿಂಭಾಗದ ಅಂಚು ಮೇಲಕ್ಕೆ ಮಡಚಿಕೊಂಡಿತ್ತು. ನಡುಸಾಲಿನ ಬಿಲ್ಲೆಗಳು ಒಳಗೆ ಕುಸಿದಿದ್ದವು. ಹೊಟ್ಟೆಯ ಕಡೆ ಹೆಬ್ಬೆರಳಿನಿಂದ ಹಗುರವಾಗಿ ಒತ್ತಿದರೆ ಬಗ್ಗುತ್ತಿತ್ತು. ಆಗತಾನೇ ಹುಟ್ಟಿದ ಮರಿಯ ಚಿಪ್ಪು ಸ್ವಲ್ಪ ಬಗ್ಗುವುದು ಸಹಜ. ಇದು ಮರಿಯ ವಯಸ್ಸು ದಾಟಿತ್ತು. ಕಿಟಕಿಯ ಬಳಿ ದಿನಾ ಬಿಸಿಲಿಗೆ ಇಡುತ್ತಿದ್ದೆವು, ಒಣ ಸಿಗಡಿ ಹಾಕುತ್ತಿದ್ದೆವು ಎಂದಿದ್ದರು ಅವರು. ಪ್ರೀತಿಯಿಂದಲೇ ನೋಡಿಕೊಂಡಿದ್ದರು.

ತೊಂದರೆ ಇದ್ದದ್ದು ಕಿಟಕಿಯ ಗಾಜಿನಲ್ಲಿ. ಆಮೆ ತಿಂದ ಸುಣ್ಣದಂಶ ಮೂಳೆಗೆ ಸೇರಬೇಕಾದರೆ ಡಿ3 ಜೀವಸತ್ವ ಬೇಕು. ಅದನ್ನು ತಯಾರಿಸಲು ಬಿಸಿಲಿನಲ್ಲಿರುವ ಯುವಿಬಿ ಕಿರಣ ಚರ್ಮಕ್ಕೆ ತಾಗಬೇಕು. ಸಾಮಾನ್ಯ ಗಾಜು ಆ ಕಿರಣವನ್ನು ಬಹುಪಾಲು ತಡೆದುಬಿಡುತ್ತದೆ. ಒಳಗೆ ಬರುವುದು ಬೆಳಕು ಮತ್ತು ಶಾಖ ಮಾತ್ರ. ಶಿವಮೊಗ್ಗಕ್ಕೆ ಕರೆದೊಯ್ದು ಎಕ್ಸ್‌ರೇ ತೆಗೆಸಿದಾಗ ಮೂಳೆ ತೆಳುವಾಗಿದ್ದದ್ದು ನನ್ನ ಕಣ್ಣಿಗೂ ಕಾಣಿಸಿತು. ಅಲ್ಲಿಂದ ಬಂದಮೇಲೆ ವೈದ್ಯರು ಕೊಟ್ಟ ಕ್ಯಾಲ್ಸಿಯಂ, ತಾರಸಿಯ ಮೇಲೆ ನೇರ ಎಳೆಬಿಸಿಲು, ಮೈ ಪೂರ್ತಿ ಒಣಗಿಸಿಕೊಳ್ಳಲು ನೀರಿನಿಂದೆದ್ದ ಒಂದು ಹಾಸುಗಲ್ಲು, ನೀರಿನಲ್ಲಿ ಒಂದು ತುಂಡು ಸಮುದ್ರನೊರೆ. ಲವ್‌ಬರ್ಡ್ಸ್ ಮಾರುವ ಅಂಗಡಿಗಳಲ್ಲಿ ಸಿಗುವ ಈ ಬಿಳಿ ತುಂಡು ಕಟ್ಲ್‌ಫಿಶ್ ಎಂಬ ಕಡಲಜೀವಿಯ ಒಳಚಿಪ್ಪು. ಆಮೆ ತನಗೆ ಬೇಕಾದಾಗ ಕಡಿದುಕೊಳ್ಳುತ್ತದೆ. ಎಲೆಅಡಿಕೆಯ ಸುಣ್ಣ ಕೊಟ್ಟರಾಗದೇ ಎಂದು ಕೇಳಿದವರಿದ್ದಾರೆ. ಖಂಡಿತ ಕೊಡಬಾರದು, ಅದು ಬಾಯಿ ಕರುಳು ಎರಡನ್ನೂ ಸುಡುತ್ತದೆ.

ಸಂದನ್ನು ನೋಡುವುದನ್ನು ನಾನು ಕಲಿತದ್ದು ಈ ಆಮೆಯಿಂದ. ಕೆಲವು ತಿಂಗಳಾದರೂ ಮಡಚಿದ ಅಂಚು ಮಡಚಿದಂತೆಯೇ ಇತ್ತು, ಕುಸಿದ ಬೆನ್ನು ಕುಸಿದಂತೆಯೇ ಇತ್ತು. ಏನೂ ಪ್ರಯೋಜನವಾಗಿಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಬೇಸರ. ಆದರೆ ಬಿಲ್ಲೆಗಳ ನಡುವೆ ಹೊಸದಾಗಿ ಮೂಡಿದ ಅಂಚನ್ನು ಉಗುರಿನಿಂದ ತಟ್ಟಿದರೆ ಗಟ್ಟಿ ಸದ್ದು ಬರುತ್ತಿತ್ತು, ಹೊಟ್ಟೆಯ ಕಡೆ ಒತ್ತಿದರೆ ಬಗ್ಗುತ್ತಿರಲಿಲ್ಲ. ಹಳೆಯ ವಿಕಾರ ಆ ಆಮೆಯೊಂದಿಗೆ ಕೊನೆಯವರೆಗೂ ಇರುತ್ತದೆ. ಚಿಪ್ಪಿನ ಮೂಳೆ ಒಮ್ಮೆ ತಪ್ಪು ಆಕಾರದಲ್ಲಿ ಗಟ್ಟಿಯಾದರೆ ಹಿಂದಕ್ಕೆ ಹೋಗುವುದಿಲ್ಲ. ಹಾಗಾಗಿ ಆ ವಿಕಾರ ನೋಡಿ ಇಂದಿನ ಆರೈಕೆಯನ್ನು ಅಳೆಯಲಾಗದು. ನುಣುಪಾದ ಬೆನ್ನು ನೋಡಿ ನಿಶ್ಚಿಂತೆಯಿಂದ ಇರುವುದಕ್ಕೂ ಆಗದು. ಹೊಟ್ಟೆಚಿಪ್ಪು ಮೆತ್ತಗಾಗುತ್ತಿರುವುದು ಬೆನ್ನಿನಲ್ಲಿ ಕಾಣುವಷ್ಟರಲ್ಲಿ ತಡವಾಗಿರುತ್ತದೆ.

ನೀರಾಮೆಯಲ್ಲಿ ಇನ್ನೊಂದು ಗಮನಿಸುವ ವಿಷಯವಿದೆ. ನೆಲದಾಮೆಯ ಬಿಲ್ಲೆ ಉದುರುವುದಿಲ್ಲ. ಸ್ಲೈಡರ್ ಬೆಳೆದಂತೆಲ್ಲ ಹಳೆಯ ಪದರವನ್ನು ಕಳಚುತ್ತದೆ. ಮೊದಲ ಸಲ ಟಬ್ಬಿನ ನೀರಿನಲ್ಲಿ ತೇಲುತ್ತಿದ್ದದ್ದನ್ನು ನೋಡಿ ಮಗಳು ಗಾಬರಿಯಾಗಿ ಕರೆದಳು. ಎತ್ತಿ ಬೆಳಕಿಗೆ ಹಿಡಿದೆವು. ಬಿಲ್ಲೆಯ ಪೂರ್ತಿ ಆಕಾರವಿದ್ದ ತೆಳು ಹಾಳೆ, ಆಚೆಯ ಗೋಡೆ ಕಾಣುವಷ್ಟು ಪಾರದರ್ಶಕ, ಅದರ ಮೇಲೆ ಹಳದಿ ಗೆರೆಗಳ ಮಸುಕು ಗುರುತು. ಅಂಚು ಎಲ್ಲೂ ಹರಿದಿರಲಿಲ್ಲ, ವಾಸನೆಯೂ ಇರಲಿಲ್ಲ. ಆಮೆಯ ಬೆನ್ನಿನಲ್ಲಿ ಅದೇ ಜಾಗ ಹೊಸ ಹಸಿರಿನಿಂದ ಕೂಡಿತ್ತು. ಇದು ಆರೋಗ್ಯದ ಲಕ್ಷಣ. ಪದರ ಕಳಚದೆ ಒಂದರ ಮೇಲೊಂದು ಕೂತರೆ ಬಿಸಿಲು ಸಾಲುತ್ತಿಲ್ಲ, ಮೈ ಒಣಗುತ್ತಿಲ್ಲ ಎಂದರ್ಥ. ಪದರ ಎದ್ದ ಕಡೆ ಗುಳಿ ಬಿದ್ದು, ಮೆತ್ತಗಾಗಿ, ನಾರುತ್ತಿದ್ದರೆ ಅದು ಚಿಪ್ಪು ಕೊಳೆಯುವ ರೋಗ. ಹೊಟ್ಟೆಚಿಪ್ಪಿನಲ್ಲಿ ಕೆಂಪು ಮಚ್ಚೆಗಳು ಹರಡಿದ್ದರೆ ರಕ್ತಕ್ಕೇ ಸೋಂಕು ತಗುಲಿರಬಹುದು. ಇಂಥವಕ್ಕೆ ಮನೆಮದ್ದು ಬೇಡ. ಅದೇ ದಿನ ಪಶುವೈದ್ಯರ ಬಳಿಗೆ ಹೋಗಬೇಕು.

ದಾವಣಗೆರೆಯಲ್ಲಿ ಜನ ಸುಮ್ಮನೆ ಹೆದರುವ ಒಂದು ಸಂಗತಿ ಚಿಪ್ಪಿನ ಮೇಲಿನ ಬಿಳಿ ಕಲೆ. ಕುಂದವಾಡ ಕೆರೆಯ ನೀರು, ರಾಜನಹಳ್ಳಿಯಿಂದ ಬರುವ ತುಂಗಭದ್ರೆಯ ನೀರು ಬಾರದ ದಿನ ಎಲ್ಲರೂ ಬೋರ್ ನೀರನ್ನೇ ಟಬ್ಬಿಗೆ ಹಾಕುತ್ತೇವೆ. ಗಡಸು ನೀರು ಬಿಸಿಲಲ್ಲಿ ಒಣಗಿದಾಗ ಬಕೆಟ್ಟಿನ ಅಂಚಿನಲ್ಲಿ ಕೂರುವ ಉಪ್ಪು ಆಮೆಯ ಬೆನ್ನಿನ ಮೇಲೂ ಕೂರುತ್ತದೆ. ಚಿಪ್ಪು ಪೂರ್ತಿ ಒಣಗಿದ ಮೇಲೆ ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಅದು ಪುಡಿಯಾಗಿ ಬರುತ್ತದೆ, ಅಡಿಯ ಬಿಲ್ಲೆ ನುಣುಪಾಗಿರುತ್ತದೆ. ಶಿಲೀಂಧ್ರವಾಗಿದ್ದರೆ ಹೀಗೆ ಬಿಡುವುದಿಲ್ಲ. ಅಲ್ಲಿ ಮೇಲ್ಮೈ ತರಿತರಿಯಾಗಿ ಕೈಗೆ ಸಿಗುತ್ತದೆ.

ಹೊಳಪಿನ ವಿಷಯಕ್ಕೆ ಬಂದರೆ, ಹರಿಹರದ ಒಂದು ಮನೆಯ ಹಿತ್ತಿಲಿನಲ್ಲಿದ್ದ ನಕ್ಷತ್ರ ಆಮೆ ನೆನಪಾಗುತ್ತದೆ. ನದಿಗೆ ಹತ್ತಿರದ ಹಳೆಯ ಮನೆ. ಹಿರಿಯರು ಜಗಳೂರು ಕಡೆಯಿಂದ ಮರಿಯಾಗಿದ್ದಾಗ ತಂದದ್ದು ಎಂದು ಆ ಮನೆಯ ಅಜ್ಜಿ ಹೇಳುತ್ತಿದ್ದರು. ಕೂರ್ಮಾವತಾರ, ಮನೆಗೆ ಶ್ರೇಯಸ್ಸು ಎಂಬ ನಂಬಿಕೆಯಿಂದ ಶುಕ್ರವಾರ ಅದರ ಬೆನ್ನಿಗೆ ಕೊಬ್ಬರಿ ಎಣ್ಣೆ ಸವರಿ ಅರಿಶಿನ ಕುಂಕುಮ ಇಡುತ್ತಿದ್ದರು. ದೂರದಿಂದ ನೋಡಿದರೆ ಕಪ್ಪು ಬಿಲ್ಲೆಯ ಮೇಲಿನ ಹಳದಿ ನಕ್ಷತ್ರಗಳು ಮಿನುಗುತ್ತಿದ್ದವು. ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿ ನಾನು ಬ್ರಷ್ಷಿನಿಂದ ಒಂದೊಂದೇ ಸಂದನ್ನು ಬಿಡಿಸಿದಾಗ ಅಲ್ಲಿಂದ ವರ್ಷಗಟ್ಟಲೆ ಹೆಪ್ಪುಗಟ್ಟಿದ್ದ ಕುಂಕುಮ, ಎಣ್ಣೆಯ ಜಿಡ್ಡು, ಮಣ್ಣು ಬಂದವು. ಪ್ರತಿ ಬಿಲ್ಲೆಯೂ ಮೊನಚಾಗಿ ಮೇಲೆದ್ದಿತ್ತು, ಎರಡು ಬಿಲ್ಲೆಗಳ ನಡುವೆ ನನ್ನ ಕಿರುಬೆರಳು ಇಳಿಯುವಷ್ಟು ಆಳ. ಹಿಂಗಾಲು ಎಳೆದು ನಡೆಯುತ್ತಿತ್ತು. ಎಣ್ಣೆಯಿಂದ ಬಂದ ಹೊಳಪು ಇದೆಲ್ಲವನ್ನೂ ಮುಚ್ಚಿಟ್ಟಿತ್ತು.

ಬಿಲ್ಲೆ ಹೀಗೆ ಗೋಪುರವೇಳುವುದಕ್ಕೆ ಪಿರಮಿಡ್ಡಿಂಗ್ ಎನ್ನುತ್ತಾರೆ. ನಕ್ಷತ್ರ ಆಮೆಯಲ್ಲಿ ಇದನ್ನು ತೀರ್ಮಾನಿಸುವುದು ಸುಲಭವಲ್ಲ, ಏಕೆಂದರೆ ಕಾಡಿನಲ್ಲೇ ಬೆಳೆದ ಎಷ್ಟೋ ನಕ್ಷತ್ರ ಆಮೆಗಳಿಗೂ ಬಿಲ್ಲೆ ಸ್ವಲ್ಪ ಉಬ್ಬಿರುತ್ತದೆ. ಆ ಉಬ್ಬು ಎಲ್ಲ ಬಿಲ್ಲೆಯಲ್ಲೂ ಒಂದೇ ಹದದಲ್ಲಿರುತ್ತದೆ, ಬೆನ್ನಿನ ಒಟ್ಟು ಕಮಾನು ಕೆಡುವುದಿಲ್ಲ, ಆಮೆ ಹೊಟ್ಟೆಯನ್ನು ನೆಲದಿಂದ ಮೇಲೆತ್ತಿ ನಡೆಯುತ್ತದೆ. ನಾನು ನಡಿಗೆಯನ್ನೂ ನೋಡದೆ ಚಿಪ್ಪಿನ ಬಗ್ಗೆ ಏನೂ ಹೇಳುವುದಿಲ್ಲ.

ಮಿತಿಮೀರಿದ ಪಿರಮಿಡ್ಡಿಂಗ್‌ಗೆ ಬಹಳ ಕಾಲ ಪ್ರೋಟೀನನ್ನು ದೂರುತ್ತಿದ್ದರು. ವಿಯೆನ್ನಾದ ವೀಸ್ನರ್ ಮತ್ತು ಐಬೆನ್ ಎಂಬ ಸಂಶೋಧಕರು ಆಫ್ರಿಕಾದ ಸಲ್ಕಾಟಾ ಆಮೆಯ ಮರಿಗಳನ್ನು ಬೇರೆ ಬೇರೆ ತೇವದಲ್ಲಿ, ಬೇರೆ ಬೇರೆ ಪ್ರೋಟೀನಿನ ಮೇವಿನಲ್ಲಿ ಬೆಳೆಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಗೂನು ಹೆಚ್ಚಾಗಿದ್ದದ್ದು ಒಣ ಹವೆಯಲ್ಲಿ ಬೆಳೆದ ಮರಿಗಳಲ್ಲಿ. ಪ್ರೋಟೀನಿನ ಪ್ರಭಾವ ಅಲ್ಪ. ಒಣನಾಡಿನ ಪ್ರಾಣಿಗೆ ತೇವ ಯಾಕೆ ಬೇಕು ಎಂಬ ಪ್ರಶ್ನೆ ನನಗೂ ಬಂದಿತ್ತು. ಕುರುಚಲು ಕಾಡಿನಲ್ಲಿ ಮರಿಯಾಮೆ ಬಯಲಲ್ಲಿ ತಿರುಗುವುದಿಲ್ಲ. ಹುಲ್ಲಿನ ಬುಡದಲ್ಲಿ, ತರಗೆಲೆಯ ಅಡಿಯಲ್ಲಿ ಅಡಗಿರುತ್ತದೆ. ಊರೆಲ್ಲ ಒಣಗಿದ್ದರೂ ಆ ಜಾಗ ತಂಪಾಗಿ ತೇವವಾಗಿರುತ್ತದೆ. ಅದು ಚುರುಕಾಗಿ ಮೇಯುವುದೂ ಮಳೆಗಾಲದಲ್ಲೇ. ಹರಿಹರದ ಆ ಆಮೆ ಎಳೆಯದಾಗಿದ್ದಾಗ ಒಣ ಸಿಮೆಂಟು ನೆಲದ ಮೇಲೆ, ಫ್ಯಾನಿನ ಗಾಳಿಯಲ್ಲಿ ಬೆಳೆದಿತ್ತು.

ಮೇವಿನ ಕಥೆಯೂ ಇತ್ತು. ನಮ್ಮಲ್ಲಿ ಮನೆಗೆ ಬಂದವರಿಗೆಲ್ಲ ಮಂಡಕ್ಕಿ ಕೊಡುವುದು ರೂಢಿ, ಆಮೆಗೂ ಅದೇ ಸಿಗುತ್ತಿತ್ತು. ಜೊತೆಗೆ ಅನ್ನ, ಟೊಮೆಟೊ, ಸೌತೆಕಾಯಿ. ಅಕ್ಕಿಯಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಬಹಳ ಹೆಚ್ಚು. ಮೇವಿನಲ್ಲಿ ರಂಜಕ ಮೇಲುಗೈಯಾದರೆ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ, ದೇಹ ತನ್ನ ಮೂಳೆಯಿಂದಲೇ ಅದನ್ನು ಎಳೆದುಕೊಳ್ಳುತ್ತದೆ. ಸೌತೆಕಾಯಿಯಲ್ಲಿ ನೀರು ಬಿಟ್ಟರೆ ಹೆಚ್ಚೇನಿಲ್ಲ. ಈ ಪ್ರಾಣಿ ತಿನ್ನಬೇಕಾದದ್ದು ಗರಿಕೆ, ಬಗೆಬಗೆಯ ಹುಲ್ಲು, ಕಳೆಗಿಡ, ದಾಸವಾಳದ ಎಲೆ ಮತ್ತು ಹೂ, ನುಗ್ಗೆಸೊಪ್ಪಿನಂಥ ಸುಣ್ಣದಂಶವಿರುವ ಎಲೆ.

ಆ ಆಮೆಯ ಸಂದುಗಳಲ್ಲಿ ತಿಳಿಗೆರೆ ಇರಲಿಲ್ಲ. ವಯಸ್ಸಾದ ಆಮೆಯಲ್ಲಿ ಬೆಳವಣಿಗೆ ನಿಂತಂತೆಯೇ ಇರುತ್ತದೆ. ಗೆರೆ ಕಾಣದಿರುವುದು ಅಲ್ಲಿ ರೋಗವಲ್ಲ. ಅಜ್ಜಿಗೆ ಅದನ್ನು ಹೇಳಿ ಸಮಾಧಾನಪಡಿಸಿದೆ. ಹೇಳಲು ಕಷ್ಟವಾದದ್ದು ಇನ್ನೊಂದು ಮಾತು: ನಕ್ಷತ್ರ ಆಮೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಕೊಳ್ಳುವುದು, ಮಾರುವುದು, ಹಿಡಿಯುವುದು ಎಲ್ಲವೂ. ಬೆನ್ನ ಮೇಲಿನ ನಕ್ಷತ್ರಕ್ಕಾಗಿ ಈ ಆಮೆಯ ಮರಿಗಳನ್ನು ಚೀಲಗಳಲ್ಲಿ ತುಂಬಿ ದೇಶದಾಚೆಗೆ ಸಾಗಿಸುತ್ತಾರೆ. ಹಾಗೆ ಸಿಂಗಪುರ ತಲುಪಿ ಅಲ್ಲಿ ಸಿಕ್ಕಿದ್ದ 51 ಆಮೆಗಳನ್ನು 2018ರ ನವೆಂಬರಿನಲ್ಲಿ ಬೆಂಗಳೂರಿಗೆ ವಾಪಸು ತಂದರು. 2019ರಲ್ಲಿ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಗೆ ಇದನ್ನು ಸೇರಿಸಿ ಅಂತಾರಾಷ್ಟ್ರೀಯ ವ್ಯಾಪಾರವನ್ನೇ ನಿಷೇಧಿಸಲಾಯಿತು. ಆಮೆಯನ್ನು ಅರಣ್ಯ ಇಲಾಖೆಗೆ ಒಪ್ಪಿಸಿಬಿಡಿ ಎಂದೆ. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು. "ಅಲ್ಲಿ ಅದಕ್ಕ ಹುಲ್ಲು ಸಿಗತತೇನು?" ಎಂದು ಕೇಳಿದ್ದು ಅಷ್ಟೇ. ಮನೆಯವರೇ ಅರಣ್ಯ ಇಲಾಖೆಯವರನ್ನು ಕರೆಸಿ ಒಪ್ಪಿಸಿದರು. ಯಾರಾದರೂ ನಕ್ಷತ್ರ ಆಮೆಯ ಚಿಪ್ಪು ತೋರಿಸಿ ಸಲಹೆ ಕೇಳಿದರೆ ನಾನು ಕೊಡುವ ಮೊದಲ ಸಲಹೆ ಇದೇ. ಇಲ್ಲಿ ದಾಕ್ಷಿಣ್ಯ ಮಾಡುವುದಿಲ್ಲ.

ಚಿಪ್ಪು ಮೆತ್ತಗಿದೆ ಎಂದು ಹರಿಹರ, ಮಲೇಬೆನ್ನೂರು ಕಡೆಯಿಂದ ಬರುವ ಕರೆಗಳಲ್ಲಿ ಇನ್ನೊಂದು ಬಗೆಯಿದೆ. ಭದ್ರಾ ನಾಲೆಗೆ ನೀರು ಬಿಟ್ಟಾಗ ಗದ್ದೆಯ ಕೆಸರಿನಲ್ಲಿ ಹುದುಗಿದ್ದ ಆಮೆಗಳು ಎದ್ದು ರಸ್ತೆಗೆ ಬರುತ್ತವೆ. ಮಕ್ಕಳು ಹಿಡಿದು ಬಕೆಟ್ಟಿಗೆ ಹಾಕುತ್ತಾರೆ. ಹಿರಿಯರು ಮುಟ್ಟಿ ನೋಡಿ "ಇದಕ್ಕ ಬಿಲ್ಲೆನೇ ಇಲ್ಲ, ಕಾಯಿಲೆ ಬಂದೈತಿ" ಎನ್ನುತ್ತಾರೆ. ಅದು ಫ್ಲಾಪ್‌ಶೆಲ್ ಆಮೆ. ಅದರ ಜಾತಿಗೇ ಬಿಲ್ಲೆ ಇಲ್ಲ. ಮೂಳೆಯ ಮೇಲೆ ಹೊದಿಸಿದ ಚರ್ಮ ಒದ್ದೆ ತೊಗಲಿನ ಹಾಗೆ ಕೈಗೆ ಹತ್ತುತ್ತದೆ, ಹಿಂಗಾಲು ಒಳಗೆಳೆದುಕೊಂಡಾಗ ಮುಚ್ಚಿಕೊಳ್ಳಲು ಹೊಟ್ಟೆಯ ಕಡೆ ಎರಡು ಮಡಿಕೆಗಳಿರುತ್ತವೆ. ಅದಕ್ಕೆ ಯಾವ ಔಷಧವೂ ಬೇಡ. ಕಾಯ್ದೆಯ ರಕ್ಷಣೆ ಅದಕ್ಕೂ ಇದೆ, ಗಾಯವಿಲ್ಲದಿದ್ದರೆ ಸಿಕ್ಕಿದ ನೀರಿಗೇ ಬಿಡಬೇಕು. ಹಾಗೆಯೇ ಬೆನ್ನ ಮೇಲೆ ಉದ್ದಕ್ಕೆ ಮೂರು ದಿಂಡು ಇರುವ ಕಪ್ಪಾಮೆ. ಆ ದಿಂಡು ಹುಟ್ಟಿನಿಂದ ಬಂದದ್ದು. ಚಿಪ್ಪು ಸರಿಯಾಗಿದೆಯೇ ಎಂದು ಕೇಳುವ ಮೊದಲು ಇದು ಯಾವ ಆಮೆ ಎಂದು ಗೊತ್ತಿರಬೇಕು.

ಅಳತೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಚಿಪ್ಪಿನ ಉದ್ದವನ್ನು ಬೆನ್ನಿನ ಮೇಲೆ ಟೇಪು ಹಾಯಿಸಿ ಅಳೆಯಬೇಡಿ. ಗೂನು ಹೆಚ್ಚಿದ್ದರೆ ಉದ್ದವೂ ಹೆಚ್ಚಾಗಿ ಬರುತ್ತದೆ. ಸ್ಕೇಲಿನ ಮೇಲೆ ಆಮೆಯನ್ನು ನಿಲ್ಲಿಸಿ, ಹಿಂದೆ ಮುಂದೆ ಎರಡು ಪುಸ್ತಕ ನೇರ ನಿಲ್ಲಿಸಿ, ಅವುಗಳ ನಡುವಿನ ಅಂತರ ಓದಬೇಕು. ತೂಕಕ್ಕೆ ಅಡುಗೆಮನೆಯ ಗ್ರಾಂ ತಕ್ಕಡಿ ಸಾಕು. ತಿಂಗಳಿಗೊಮ್ಮೆ, ಊಟಕ್ಕೆ ಮುಂಚೆ. ಉದ್ದವೂ ತೂಕವೂ ಒಟ್ಟಿಗೆ ನಿಧಾನವಾಗಿ ಏರಿದರೆ ಸರಿ. ಉದ್ದ ನಿಂತು ತೂಕ ಮಾತ್ರ ಏರಿದರೆ ಕೊಬ್ಬು, ಇಲ್ಲವೇ ಹೆಣ್ಣಿನ ಹೊಟ್ಟೆಯಲ್ಲಿ ಮೊಟ್ಟೆ. ಜಾಕ್ಸನ್ ಅನುಪಾತ ಎಂಬ ಕೋಷ್ಟಕವನ್ನು ಕೆಲವರು ಮೊಬೈಲಿನಲ್ಲಿ ತೋರಿಸುತ್ತಾರೆ. ಅದನ್ನು ರೂಪಿಸಿದ್ದು ಮೆಡಿಟರೇನಿಯನ್ ತೀರದ ಎರಡು ಜಾತಿಯ ನೆಲದಾಮೆಗಳಿಗೆ. ನಮ್ಮ ಸ್ಲೈಡರಿಗೆ ಅದು ಹೊಂದುವುದಿಲ್ಲ.

ಫೋಟೊ ಕಳಿಸುವವರಿಗೆ ನನ್ನದೊಂದು ಕೋರಿಕೆ. ಎಣ್ಣೆ ಹಚ್ಚದ, ಒಣಗಿದ ಚಿಪ್ಪು. ಹಗಲು ಬೆಳಕು. ಮೇಲಿನಿಂದ ಒಂದು, ಪಕ್ಕದಿಂದ ಒಂದು, ಹೊಟ್ಟೆಯ ಕಡೆಯದು ಒಂದು, ಸಂದಿನ ಹತ್ತಿರದ್ದು ಒಂದು. ಹೊಟ್ಟೆಯ ಫೋಟೊಗೆ ಅಂಗಾತ ಮಲಗಿಸಬೇಡಿ, ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಓರೆ ಮಾಡಿದರೆ ಸಾಕು. ಆಮೇಲೆ ಸೋಪು ಹಾಕಿ ಕೈ ತೊಳೆಯಬೇಕು, ಮಕ್ಕಳದಂತೂ ತಪ್ಪದೆ. ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುತ್ತದೆ. ಅಮೆರಿಕದಲ್ಲಿ 4 ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆ ಮಾರುವುದನ್ನು 1975ರಲ್ಲೇ ನಿಷೇಧಿಸಿದ್ದು ಇದೇ ಕಾರಣಕ್ಕೆ.

ನಮ್ಮದು ಹೆಣ್ಣು. 3 ಸೆಂ.ಮೀ. ಇರುವ ಮರಿ ಬೆಳೆದು 25 ಸೆಂ.ಮೀ. ಮೀರಬಹುದು, 30 ವರ್ಷ ಬದುಕಬಹುದು ಎಂದು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಹೀಗೆ ಬೆಳೆದು ಟಬ್ಬಿಗೆ ಹಿಡಿಸದಾದಾಗ ಹರಿಹರದ ಸೇತುವೆಯ ಬಳಿ ಹೊಳೆಗೆ ಬಿಟ್ಟುಬರುವ ಯೋಚನೆ ಬಹಳ ಮಂದಿಗೆ ಬರುತ್ತದೆ, ಪುಣ್ಯವೆಂದೂ ಅನಿಸುತ್ತದೆ. ಜಗತ್ತಿನ ಅತ್ಯಂತ ಹಾನಿಕಾರಕ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಸ್ಲೈಡರ್ ಕೂಡ ಇದೆ. ಹೊಳೆಗೆ ಬಿದ್ದರೆ ಅದು ನಮ್ಮ ಫ್ಲಾಪ್‌ಶೆಲ್ಲಿನ, ಕಪ್ಪಾಮೆಯ ಮೇವಿಗೂ ಬಿಸಿಲು ಕಾಯುವ ಕಲ್ಲಿಗೂ ಪೈಪೋಟಿಗೆ ನಿಲ್ಲುತ್ತದೆ, ರೋಗವನ್ನೂ ಹರಡಬಹುದು. ಆದ್ದರಿಂದ ನಮ್ಮ ತಾರಸಿಯ ಮೇಲೆ ಈಗ ಸಿಮೆಂಟಿನ ತೊಟ್ಟಿ ಏಳುತ್ತಿದೆ. ಒಂದು ಬದಿಗೆ ಹತ್ತಿ ಬರಲು ಇಳಿಜಾರು, ಕೊಳೆನೀರು ಹೋಗಲು ತಳದಲ್ಲೇ ಕೊಳವೆ, ಏಪ್ರಿಲ್ ತಿಂಗಳ ಉರಿಗೆ ಅರ್ಧ ಭಾಗದ ಮೇಲೆ ಹಸಿರು ನೆರಳುಪರದೆ. ಗಾರೆಯವರು ಹೊಸ ಸಿಮೆಂಟಿನ ಖಾರ ಇಳಿಯಲು ಪದೇ ಪದೇ ನೀರು ತುಂಬಿ ಚೆಲ್ಲಬೇಕು ಎಂದಿದ್ದಾರೆ. ಅದು ಮುಗಿಯುವವರೆಗೆ ಆಮೆ ಹಳೆಯ ಟಬ್ಬಿನಲ್ಲೇ ಇರುತ್ತದೆ.